ಲುಂಬಾನಿನ ಬೀಗರ ಮನೆಯಲ್ಲಿ ಹನ್ನೆರಡು ದಿನ

ನಮ್ಮ ತಂದೆಯವರ ಕಾಲದಲ್ಲಿ ಬೀಗತನವೆಂಬುದು ಹತ್ತು ಹರದಾರಿಯೊಳಗಿನ ಮಾತಾಗಿತ್ತು. ಬೆಳಗಿನ ಜಾವ ಬಂಡಿ ಕಟ್ಟಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೀಗರ ಅಂಗಳದಲ್ಲಿ ಎತ್ತುಗಳ ಕೊಳ್ಳು ಹರಿಯಬೇಕು. ಅದಕ್ಕಿಂತ ದೂರದ ಸಂಬಂಧ ಬಂದರೆ ಹಿರಿಯರು ತಲೆಯಲ್ಲಾಡಿಸುತ್ತಿದ್ದರು. ನಮ್ಮ ತಮ್ಮನ ಮಗನು ಈ ಲೆಕ್ಕವನ್ನೆಲ್ಲ ಕೆಡಿಸಿದನು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಎಂಜಿನಿಯರ್ ಆಗಿರುವ ಅವನು ೨೦೨೧ರಲ್ಲಿ ಅಲ್ಲಿಯೇ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಫಿಲಿಪೀನ್ಸ್ ದೇಶದ ಕನ್ಯೆಯನ್ನು ವರಿಸಿದನು. ಕೊರೋನಾದ ದಿನಗಳವು. ಧಾರವಾಡದಿಂದ ನಾವು ಹೋಗಲಾಗಲಿಲ್ಲ, ಅವರ ಕಡೆಯವರೂ ಬರಲಾಗಲಿಲ್ಲ. ಎರಡೂ ಕಡೆಯ ಬೀಗರು ಮೊಬೈಲಿನ ಗಾಜಿನೊಳಗಿನಿಂದಲೇ ಅಕ್ಷತೆ ಹಾಕಿದ್ದಾಯಿತು.

೨೦೨೩ರಲ್ಲಿ ಸೊಸೆಗೆ ಗಂಡುಮಗು ಹುಟ್ಟಿತು. ಆಕೆಯ ತಾಯಿ, ಎಂದರೆ ನಮ್ಮ ಬೀಗತಿ, ಮೊಮ್ಮಗನನ್ನು ನೋಡಲೆಂದು ಅಮೆರಿಕದ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದರು. ಅದು ಒಪ್ಪಿಗೆಯಾಗಲಿಲ್ಲ. ಮಗು ತೆವಳಿತು, ನಡೆಯಿತು, ಎರಡು ಭಾಷೆಗಳಲ್ಲಿ ಅಜ್ಜಿಯನ್ನು ಕರೆಯಲೂ ಕಲಿತಿತು. ಅಜ್ಜಿ ಮಾತ್ರ ಗಾಜಿನ ಆಚೆಗೇ ಉಳಿದರು. ೨೦೨೫ರಲ್ಲಿ ಸೊಸೆ ಎರಡನೆಯ ಬಾರಿ ಗರ್ಭಿಣಿಯಾದಾಗ ಮತ್ತೊಮ್ಮೆ ಅರ್ಜಿ ಹಾಕುವುದೆಂದು ನಿಶ್ಚಯವಾಯಿತು. ಅದೇ ವರ್ಷದ ಜೂನ್ ತಿಂಗಳಿನಿಂದ ಫಿಲಿಪೀನ್ಸ್ ಸರಕಾರವು ಭಾರತೀಯ ಪ್ರವಾಸಿಗರಿಗೆ ಹದಿನಾಲ್ಕು ದಿನಗಳವರೆಗೆ ವೀಸಾ ಇಲ್ಲದೆಯೇ ಪ್ರವೇಶ ಕೊಡಲಾರಂಭಿಸಿತ್ತು. ತಮ್ಮನ ಮಗನು ಫೋನು ಮಾಡಿ, “ದೊಡ್ಡಪ್ಪಾಜಿ, ನೀವೂ ದೊಡ್ಡವ್ವನೂ ಒಮ್ಮೆ ಹೋಗಿ ಬರ್ರಿ. ಬೀಗರ ಭೆಟ್ಟಿನೂ ಆಗತೈತಿ, ಅತ್ತೆಯವರ ಕಾಗದಪತ್ರ ಒಂದಿಷ್ಟು ನೋಡಿದಂಗೂ ಆಗತೈತಿ” ಎಂದನು. ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಹಳಗನ್ನಡಗಳನ್ನು ಓದಿ, ಮುಂದೆ ಅಲ್ಲಿಯ ಕಚೇರಿಯಲ್ಲಿಯೇ ಬಹುಕಾಲ ದಫ್ತರು ನೋಡಿಕೊಂಡವರು. ಶಾಸನವೇ ಇರಲಿ, ಉತಾರವೇ ಇರಲಿ, ಒಂದಕ್ಷರ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂಬುದು ನಮಗೆ ತಿಳಿದ ವಿಷಯ. ಆದರೂ ಈ ವಯಸ್ಸಿನಲ್ಲಿ ಸಮುದ್ರ ದಾಟಿ ಇನ್ನೊಬ್ಬರ ಅರ್ಜಿ ತಿದ್ದಲು ಹೋಗುವೆವೆಂದು ಎಂದೂ ಎಣಿಸಿರಲಿಲ್ಲ.

ನವೆಂಬರದಲ್ಲಿ ಬೆಂಗಳೂರಿನಿಂದ ಸಿಂಗಪುರದ ಮಾರ್ಗವಾಗಿ ಮನಿಲಾ ಮುಟ್ಟಿದೆವು. ಕ್ರಿಸ್ತಜಯಂತಿಗೆ ಇನ್ನೂ ಒಂದು ತಿಂಗಳ ಮೇಲಿದ್ದರೂ ಬೀದಿಬೀದಿಗಳಲ್ಲಿ ‘ಪರೋಲ್’ ಎಂಬ ನಕ್ಷತ್ರಾಕಾರದ ದೀಪಗಳು ತೂಗುತ್ತಿದ್ದವು. ಆ ದೇಶದಲ್ಲಿ ಸೆಪ್ಟೆಂಬರ ಹುಟ್ಟಿದೊಡನೆಯೇ ಹಬ್ಬದ ಹಾಡುಗಳು ಶುರುವಾಗುತ್ತವಂತೆ. ನಗರದಿಂದ ಆಗ್ನೇಯಕ್ಕೆ ಸುಮಾರು ನೂರು ಕಿಲೋಮೀಟರ ದೂರದಲ್ಲಿ, ಲಗೂನ ಪ್ರಾಂತದಲ್ಲಿ ಲುಂಬಾನ್ ಎಂಬ ಊರಿದೆ. ದಾರಿಯುದ್ದಕ್ಕೂ ತೆಂಗು, ಎಡಕ್ಕೆ ಆಗಾಗ ಮಿಂಚಿ ಮರೆಯಾಗುವ ‘ಲಗೂನ ದೆ ಬೇ’ ಸರೋವರ. ಆ ದೇಶದ ಸರೋವರಗಳಲ್ಲೆಲ್ಲ ದೊಡ್ಡದಾದ ಅದರ ವಿಸ್ತಾರ ಸುಮಾರು ೯೦೦ ಚದರ ಕಿಲೋಮೀಟರ. ಮಲೆನಾಡಿನ ಸೆರಗಿನಲ್ಲಿ ಬೆಳೆದ ನಮ್ಮ ಮನೆಯವರು, “ಇದೇನು ಪರದೇಶ, ಕುಮಟೆಗೆ ಹೋದಂಗಾತು” ಎಂದರು.

ಬೀಗರ ಮನೆಯ ಹೊಸ್ತಿಲಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು ನಮ್ಮ ಬಲಗೈಯನ್ನು ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಂಡರು. ‘ಮಾನೊ’ ಎಂದು ಅದಕ್ಕೆ ಹೆಸರು. ನಮ್ಮಲ್ಲಿ ಕಿರಿಯರು ಬಾಗಿ ಪಾದ ಮುಟ್ಟುವರು. ಇಲ್ಲಿ ಹಿರಿಯರ ಕೈಯೇ ಹಣೆಗೇರುವುದು. ಮಾತಿನಲ್ಲಿಯೂ ಹಿರಿಯರೊಡನೆ ವಾಕ್ಯಕ್ಕೊಂದು ‘ಪೊ’ ಸೇರಿಸುತ್ತಾರೆ. ಧಾರವಾಡದವರು ‘ರೀ’ ಸೇರಿಸುವಂತೆಯೇ! ಇದನ್ನು ಹೇಳಿದಾಗ ಬೀಗತಿಯವರು ಬಹಳ ನಕ್ಕು, ಅಂದಿನಿಂದ ನಮ್ಮ ಮನೆಯವರನ್ನು ‘ಬರ್ರೀ ಪೊ’ ಎಂದು ಎರಡೂ ಗೌರವ ಕೂಡಿಸಿ ಕರೆಯತೊಡಗಿದರು. ಅವರ ತಗಾಲೊಗ್ ಭಾಷೆಯಲ್ಲಿ ಕಿವಿಗೊಟ್ಟು ಕೇಳಿದರೆ ನಮಗೆ ಪರಿಚಿತವಾದ ಧ್ವನಿಗಳು ಹಾದುಹೋಗುತ್ತವೆ. ಅಧ್ಯಾಪಕನಿಗೆ ‘ಗುರೊ’, ಮೋರೆಗೆ ‘ಮುಖಾ’, ಬರವಣಿಗೆ ಮೊದಲಾದ ಸೃಷ್ಟಿಕಾರ್ಯಕ್ಕೆ ‘ಲಿಖಾ’, ಬಡತನದ ಬವಣೆಗೆ ‘ದುಖಾ’. ಮಲಯ ದ್ವೀಪಗಳ ವ್ಯಾಪಾರಿಗಳ ಬಾಯಿಂದ ಬಾಯಿಗೆ ದಾಟಿ ಸಂಸ್ಕೃತವು ಇಲ್ಲಿಯವರೆಗೆ ಬಂದಿದೆ.

ಊಟದ ವಿಷಯ ಸಂಕ್ಷೇಪವಾಗಿ ಹೇಳಿಬಿಡುವೆವು. ಮಾಂಸವೇ ಮುಖ್ಯವಾದ ನಾಡದು. ಆದರೆ ಬೀಗತಿಯವರು ಮಗಳಿಂದ ಕೇಳಿ ತಿಳಿದುಕೊಂಡು ಹೊಸ ಪಾತ್ರೆಗಳನ್ನೇ ತಂದಿರಿಸಿದ್ದರು. ಹೆಸರುಕಾಳಿನ ಸಾರು, ತೆಂಗಿನ ಹಾಲಿನಲ್ಲಿ ಬೆಂದ ತರಕಾರಿ, ಅನ್ನ, ನಮ್ಮ ಇಡ್ಲಿಯ ತಂಗಿಯಂತಿರುವ ‘ಪುಟೊ’. ಹನ್ನೆರಡು ದಿನ ಹೊಟ್ಟೆಗೆ ಯಾವ ಕುಂದೂ ಬರಲಿಲ್ಲ.

ಲುಂಬಾನ್ ಕಸೂತಿಯ ಊರು. ಫಿಲಿಪೀನ್ಸಿನ ಗಂಡಸರು ಮದುವೆ ಮುಂಜಿಗಳಿಗೆ, ಸರಕಾರಿ ಸಮಾರಂಭಗಳಿಗೆ ತೊಡುವ ‘ಬರೋಂಗ್’ ಎಂಬ ತೆಳುವಾದ ಅಂಗಿಯ ಎದೆಯ ಮೇಲಿನ ಹೂಬಳ್ಳಿಗಳನ್ನು ಹೆಣೆಯುವುದರಲ್ಲಿ ಈ ಊರಿಗೆ ದೇಶದಲ್ಲೆಲ್ಲ ಹೆಸರು. ಉತ್ತಮವಾದ ಬರೋಂಗಿನ ಬಟ್ಟೆಯನ್ನು ಅನಾನಸಿನ ಎಲೆಯ ನಾರಿನಿಂದ ನೇಯುತ್ತಾರೆ. ಅಕ್ಲಾನ್ ಪ್ರಾಂತದ ಆ ಕೈಮಗ್ಗದ ನೇಯ್ಗೆಯನ್ನು ಯುನೆಸ್ಕೊ ೨೦೨೩ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಬೀಗತಿಯವರು ಹದಿನಾಲ್ಕನೆಯ ವಯಸ್ಸಿನಿಂದ ಸೂಜಿ ಹಿಡಿದವರು. ಯಜಮಾನರು ತೀರಿಕೊಂಡ ಮೇಲೆ ಈ ಕೆಲಸದಿಂದಲೇ ಮೂವರು ಮಕ್ಕಳನ್ನು ಓದಿಸಿದರು. ಈಗ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ವರು ಹೆಣ್ಣುಮಕ್ಕಳು ಅವರ ಕೈಕೆಳಗೆ ಕೂತು ಹೊಲಿಯುತ್ತಾರೆ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಸರಿಸಿ, ಉಳಿದ ಎಳೆಗಳನ್ನು ಜಾಲಂಧ್ರದಂತೆ ಕಟ್ಟುವ ‘ಕಲಾದೊ’ ಎಂಬ ಕೆಲಸ ಬೀಗತಿಯವರದೇ. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡರು.

ನಮ್ಮ ಮನೆಯವರು ಬೀಗರಿಗೆಂದು ಇಳಕಲ್ ಸೀರೆಯನ್ನೂ ಧಾರವಾಡದ ಕಸೂತಿಯ ಕುಪ್ಪಸದ ಖಣವನ್ನೂ ಒಯ್ದಿದ್ದರು. ಬೀಗತಿಯವರು ಖಣವನ್ನು ಬಿಚ್ಚಿ ಮೊದಲು ನೋಡಿದ್ದು ಬಟ್ಟೆಯ ಹಿಂಬದಿಯನ್ನು. ಗವಂತಿಯ ಹೊಲಿಗೆ ಹಿಂದೆ ಮುಂದೆ ಒಂದೇ ಸಮನಾಗಿರುತ್ತದೆ, ಗಂಟು ಇರುವುದಿಲ್ಲ. ಎಳೆ ಎಣಿಸಿ ಹೋದ ಸೂಜಿ ಎಳೆ ಎಣಿಸಿಯೇ ಮರಳಿ ಬರಬೇಕು. ಗಂಟು ಎಲ್ಲಿದೆಯೆಂದು ಅವರು ಕನ್ನಡಕ ಏರಿಸಿ ಹುಡುಕಿದರು. ಸಿಗಲಿಲ್ಲ. ಆಮೇಲೆ ನಮ್ಮ ಮನೆಯವರ ಮುಖ ನೋಡಿದರು. ಅಂದು ಮಧ್ಯಾಹ್ನವೆಲ್ಲ ಇಬ್ಬರೂ ಕಿಡಕಿಯ ಬೆಳಕಿನಲ್ಲಿ ಕೂತು ಒಂದು ತುಂಡು ಬಟ್ಟೆಯ ಮೇಲೆ ಎಳೆ ಎಣಿಸಿದರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ತಗಾಲೊಗ್ ಬಾರದು, ಇಂಗ್ಲಿಷು ಇಬ್ಬರದೂ ಅಷ್ಟಕ್ಕಷ್ಟೆ.

ಇನ್ನು ನಾವು ಹೋದ ಕೆಲಸದ ಮಾತು. ಅಮೆರಿಕದ ಪ್ರವಾಸಿ ವೀಸಾಕ್ಕೆ ‘ಡಿ.ಎಸ್. ೧೬೦’ ಎಂಬ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ೧೮೫ ಡಾಲರು ಶುಲ್ಕ. ವೀಸಾ ಸಿಗಲಿ, ಬಿಡಲಿ, ಅದು ಮರಳಿ ಬಾರದು. ಬಳಿಕ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕು. ದಿನವನ್ನು ಮಗಳು ಮೊದಲೇ ಗೊತ್ತುಮಾಡಿದ್ದಳು, ಅರ್ಜಿಯನ್ನೂ ೨೦೨೩ರ ಹಳೆಯ ಅರ್ಜಿ ನೋಡಿ ತುಂಬಿಸಿದ್ದಳು. ಅದರ ಪ್ರತಿಯನ್ನು ಮುಂದಿಟ್ಟುಕೊಂಡು ನಾವು ಮೊದಲಿನಿಂದ ಓದತೊಡಗಿದೆವು.

ಹೆಸರಿನಲ್ಲಿಯೇ ಒಂದು ದಿನ ಹೋಯಿತು. ಫಿಲಿಪೀನ್ಸಿನಲ್ಲಿ ಪ್ರತಿಯೊಬ್ಬರ ನಡುವಿನ ಹೆಸರು ತಾಯಿಯ ತವರಿನ ಕುಲನಾಮ. ಮದುವೆಯಾದ ಹೆಣ್ಣುಮಗಳು ಸಾಮಾನ್ಯವಾಗಿ ಗಂಡನ ಕುಲನಾಮವನ್ನು ಕೊನೆಗೆ ಇರಿಸಿಕೊಂಡು ತನ್ನ ತಂದೆಯದನ್ನು ನಡುವಿಗೆ ತರುತ್ತಾಳೆ. ನಮ್ಮಲ್ಲಿ ನಡುವೆ ತಂದೆ ಕೂರುವ ಜಾಗದಲ್ಲಿ ಅಲ್ಲಿ ತಾಯಿ ಕೂತಿರುವಳೆಂಬುದು ನಮಗೆ ಬಹಳ ಹಿಡಿಸಿತು. ಕುಲನಾಮಗಳ ಕಥೆಯೂ ವಿಚಿತ್ರವೇ. ೧೮೪೯ರಲ್ಲಿ ಸ್ಪೇನಿನ ಗವರ್ನರ್ ಜನರಲ್ ಆಗಿದ್ದ ನಾರ್ಸಿಸೊ ಕ್ಲಾವೆರಿಯಾ ಎಂಬವನು, ತೆರಿಗೆಯ ದಫ್ತರಕ್ಕೆ ಅನುಕೂಲವಾಗಲೆಂದು, ಅಕಾರಾದಿಯಾಗಿ ಜೋಡಿಸಿದ ಹೆಸರುಗಳ ಪುಸ್ತಕ ಮಾಡಿಸಿ ಊರೂರಿಗೆ ಹಾಳೆಗಳನ್ನು ಹಂಚಿಸಿದನು. ಕೆಲವು ಊರುಗಳಲ್ಲಿ ಇಂದಿಗೂ ಬಹುಪಾಲು ಮನೆತನಗಳ ಹೆಸರು ಒಂದೇ ಅಕ್ಷರದಿಂದ ಮೊದಲಾಗುವುದು ಅದರಿಂದಲೇ. ಬೀಗತಿಯವರ ಜನನಪತ್ರದಲ್ಲಿ ‘ಮರಿಯಾ’ ಎಂಬುದನ್ನು ಅಲ್ಲಿಯ ವಾಡಿಕೆಯಂತೆ ‘ಮ’ ಎಂದು ಚುಕ್ಕೆಯಿಟ್ಟು ಮೊಟಕಾಗಿ ಬರೆದಿತ್ತು, ಇತರ ಕಾಗದಗಳಲ್ಲಿ ಪೂರ್ತಿಯಾಗಿತ್ತು. ಇಂಥ ಅಕ್ಷರದೋಷಗಳನ್ನು ನ್ಯಾಯಾಲಯಕ್ಕೆ ಹೋಗದೆ ಊರಿನ ನೋಂದಣಿ ಕಚೇರಿಯಲ್ಲಿಯೇ ತಿದ್ದಿಸಿಕೊಳ್ಳಲು ೨೦೦೧ರ ಒಂದು ಕಾಯದೆ ಅವಕಾಶ ಕೊಟ್ಟಿದೆ; ೨೦೧೨ರಲ್ಲಿ ಹುಟ್ಟಿದ ದಿನ, ತಿಂಗಳುಗಳಿಗೂ ಅದನ್ನು ವಿಸ್ತರಿಸಿದರು. ಬೀಗತಿಯವರು ಅದನ್ನು ಮಾಡಿಸಿಕೊಂಡಿದ್ದರು. ಶಾಲೆಗೆ ಸೇರಿಸಿದ ಮಾಸ್ತರರ ದಯದಿಂದ ಜೂನ್ ಒಂದರಂದೇ ಹುಟ್ಟಿದ ನಮ್ಮಂಥವರಿಗೆ ಈ ಸಂಕಟ ಹೊಸದಲ್ಲ.

ನಾಲ್ಕನೆಯ ದಿನ ಉದ್ಯೋಗದ ಕಾಲಮ್ಮಿಗೆ ಬಂದೆವು. ಅಲ್ಲಿ ‘ಗೃಹಿಣಿ’ ಎಂದಿತ್ತು.

ನಾವು ಪಡಸಾಲೆಯ ಕಡೆ ನೋಡಿದೆವು. ನಾಲ್ವರು ಹೆಣ್ಣುಮಕ್ಕಳು ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬಾಗಿದ್ದರು, ಗೋಡೆಗೆ ಡಿಸೆಂಬರದ ಮದುವೆಗಳ ಆರ್ಡರಿನ ಚೀಟಿಗಳನ್ನು ಚುಚ್ಚಿತ್ತು. “ಇದೇಕೆ ಹೀಗೆ?” ಎಂದು ಕೇಳಿದೆವು. ೨೦೨೩ರಲ್ಲಿ ಅರ್ಜಿ ಬರೆದುಕೊಟ್ಟ ಒಬ್ಬ ಏಜೆಂಟನು ಹಾಗೆ ಬರೆದಿದ್ದನು. ಏನೆಂದು ಬೀಗತಿಯವರು ಓದಿರಲಿಲ್ಲ. ಮಗಳು ಅದನ್ನೇ ಈಗ ನಕಲಿಳಿಸಿದ್ದಳು. ಆ ಸಲ ಸಂದರ್ಶನಕ್ಕೆ ಹೋದಾಗ ಅವರ ಕೈಯಲ್ಲಿದ್ದದ್ದು ಅಳಿಯನ ಬ್ಯಾಂಕಿನ ಕಾಗದ, ಅಳಿಯನ ಸಂಬಳದ ಕಾಗದ, ಅಳಿಯನ ಆಹ್ವಾನಪತ್ರ. ಅವರದೆಂಬುದು ಒಂದೂ ಇರಲಿಲ್ಲ.

ಇಲ್ಲಿ ವಾಚಕರಿಗೆ ಆ ದೇಶದ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಸಬೇಕು. ನಮ್ಮ ಮನೆಗಳಲ್ಲಿಯೂ ಮಕ್ಕಳನ್ನು ನೋಡಲು ಹೋಗುವ ಹಿರಿಯರು ಅನೇಕರಿರುವುದರಿಂದ ಇದು ತಿಳಿದಿರುವುದು ಮೇಲು. ೧೯೫೨ರ ವಲಸೆ ಕಾಯದೆಯ ೨೧೪(ಬಿ) ಕಲಮಿನ ಪ್ರಕಾರ, ಪ್ರವಾಸಿಯಾಗಿ ಬರುವೆನೆನ್ನುವ ಪ್ರತಿಯೊಬ್ಬನನ್ನೂ ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲು ಭಾವಿಸತಕ್ಕದ್ದು. ಹಾಗಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರನದು. ತರ್ಕಶಾಸ್ತ್ರ ಓದಿದವರಿಗೆ ಇದು ಬೇಗ ಅರ್ಥವಾದೀತು. ಪೂರ್ವಪಕ್ಷವನ್ನು ಕಾನೂನೇ ಹಿಡಿದು ಕೂತಿದೆ. ಸಿದ್ಧಾಂತವನ್ನು ನೀವು ಮೂರು ನಿಮಿಷದಲ್ಲಿ ಸ್ಥಾಪಿಸಬೇಕು. ಸಂಸ್ಕೃತದಲ್ಲಿ ಅನುಮಾನವೆಂದರೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು, ಕನ್ನಡದಲ್ಲಿ ಸಂಶಯಪಡುವುದು. ವೀಸಾದ ಕಿಟಕಿಯಲ್ಲಿ ಎರಡೂ ಅರ್ಥ ಕೂಡಿಯೇ ಇರುತ್ತವೆ. ಅಲ್ಲಿ ಆಹ್ವಾನಿಸಿದವರ ಸಿರಿವಂತಿಕೆಗಿಂತ ಮುಖ್ಯವಾದದ್ದು, ಹೋಗುವವರನ್ನು ತಮ್ಮ ಊರಿಗೆ ಮರಳಿ ಎಳೆದು ತರುವುದು ಯಾವುದು ಎಂಬುದು. ನಮ್ಮ ಬೀಗತಿಯವರನ್ನು ಎಳೆದು ತರುವಂಥದು ಪಡಸಾಲೆಯ ತುಂಬ ಇತ್ತು. ಕಾಗದದಲ್ಲಿ ಮಾತ್ರ ಇರಲಿಲ್ಲ.

ತಿದ್ದುವುದೇ ಸರಿಯೆಂದು ನಾವು ಹೇಳಿದೆವು. ಆದರೆ ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಬೀಗತಿಯವರ ಹಿರಿಯ ಮಗನು, “ಹಿಂದೆ ಒಂದು ಬರೆದು ಈಗ ಇನ್ನೊಂದು ಬರೆದರೆ ಸುಳ್ಳುಗಾರರೆಂದು ಹಿಡಿಯುವರು, ಇದ್ದದ್ದೇ ಇರಲಿ” ಎಂದನು. ಅವನ ಭಯ ನಿರಾಧಾರವಲ್ಲ. ಬೇಕೆಂದು ಸುಳ್ಳು ಹೇಳಿದ್ದು ಸಿದ್ಧವಾದರೆ ಜೀವಮಾನವಿಡೀ ಪ್ರವೇಶ ತಪ್ಪುವಷ್ಟು ಕಠಿಣವಾದ ಕಲಮು ಅಲ್ಲಿದೆ. ನಡುವೆ ನೆರೆಯವರೊಬ್ಬರು ಬಂದು, ಖಾತೆಯಲ್ಲಿ ಕೆಲವು ದಿನಗಳ ಮಟ್ಟಿಗೆ ದೊಡ್ಡ ಮೊತ್ತ ಇಟ್ಟು ತೋರಿಸುವ ಏರ್ಪಾಡು ಮಾಡಿಕೊಡುವವರಿದ್ದಾರೆ ಎಂದರು. ಆ ನಾಡಿನಲ್ಲಿ ಅದಕ್ಕೆ ‘ಶೋ ಮನಿ’ ಎಂಬ ಹೆಸರೇ ಇದೆ. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಬೀಗತನಕ್ಕೆ ಬಂದವರು ನಾವು; ನಮ್ಮ ಮಾತು ಕೇಳಿ ಈ ಸಲವೂ ಬಾಗಿಲು ಮುಚ್ಚಿದರೆ ಆ ತಾಯಿಯ ಮುಖವನ್ನು ಹೇಗೆ ನೋಡುವುದು?

ಬೆಳಗ್ಗೆ ಬೀಗತಿಯವರೇ ಮಾತು ಮುಗಿಸಿದರು. ತಮ್ಮ ಮುರುಕು ಇಂಗ್ಲಿಷಿನಲ್ಲಿ ಅವರೆಂದದ್ದರ ಭಾವ ಇಷ್ಟು: “ತಪ್ಪು ಎಳೆಯ ಮೇಲೆ ಹೊಲಿಯುತ್ತ ಹೋದರೆ ಇಡೀ ಎದೆಪಟ್ಟಿ ಕೆಡುತ್ತದೆ. ಬಿಚ್ಚಿಬಿಡೋಣ.”

ಹೊಸ ಅರ್ಜಿಯನ್ನು ತುಂಬಿದೆವು. ಸಂದರ್ಶನದ ದಾಖಲೆಯಲ್ಲಿ ಅದರ ಹೊಸ ಸಂಖ್ಯೆಯನ್ನು ಮುಂಚಿತವಾಗಿಯೇ ಬದಲಿಸಿಡಬೇಕು, ಇಲ್ಲದಿದ್ದರೆ ಹೊಂದಾಣಿಕೆಯಾಗದು. ಕಿರಿಯ ಮಗಳು ಕಂಪ್ಯೂಟರಿನ ಮುಂದೆ ಕೂತಳು, ನಾವು ಒಂದೊಂದು ಪ್ರಶ್ನೆಯನ್ನೂ ಬಿಡಿಸಿ ಹೇಳಿದೆವು, ಬೀಗತಿಯವರು ಉತ್ತರಿಸಿದರು. ಹಿಂದೆ ವೀಸಾ ನಿರಾಕರಣೆಯಾಗಿದೆಯೇ? ಹೌದು. ಅಮೆರಿಕದಲ್ಲಿ ಮಗಳಿದ್ದಾಳೆಯೇ? ಹೌದು. ಫೇಸ್‌ಬುಕ್ಕಿನಂಥ ತಾಣಗಳಲ್ಲಿ ಯಾವ ಹೆಸರಿನಿಂದ ಇದ್ದೀರೆಂಬುದನ್ನೂ ಕೇಳುತ್ತಾರೆ. ಕೊನೆಗೆ, ಈ ಅರ್ಜಿ ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆ. ನೆರವಾದವರ ಹೆಸರು, ವಿಳಾಸ, ಸಂಬಂಧ ಬರೆಯಬೇಕು. ಹೀಗೆ ನಮ್ಮ ಹೆಸರೂ ಧಾರವಾಡದ ವಿಳಾಸವೂ ಅಮೆರಿಕ ಸರಕಾರದ ದಫ್ತರು ಸೇರಿದವು. ಸಂಬಂಧದ ಕಾಲಮ್ಮಿನಲ್ಲಿ ಮಾತ್ರ ನಿಂತುಬಿಟ್ಟೆವು. ಬೀಗ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದವಿಲ್ಲ. ತಗಾಲೊಗಿನಲ್ಲಿ ಇದೆಯೇ ಎಂದು ಕೇಳಿದರೆ, “ಬಲಾಯೆ!” ಎಂದು ಮನೆಯವರೆಲ್ಲ ಒಟ್ಟಿಗೆ ಕೂಗಿದರು. ಗಂಡಿನ ತಂದೆತಾಯಿಗಳೂ ಹೆಣ್ಣಿನ ತಂದೆತಾಯಿಗಳೂ ಪರಸ್ಪರ ‘ಬಲಾಯೆ’ಗಳು. ಬೀಗ, ಬಲಾಯೆ ಎರಡೂ ಗೊತ್ತಿಲ್ಲದ ಆ ಅರ್ಜಿಯಲ್ಲಿ ‘ಸಂಬಂಧಿಕರು’ ಎಂದಷ್ಟೇ ಬರೆದೆವು.

ಕಡತಕ್ಕೆ ಈ ಬಾರಿ ಸೇರಿದ್ದು ಪುರಸಭೆಯ ವ್ಯಾಪಾರ ಪರವಾನಗಿ, ತೆರಿಗೆ ಕಟ್ಟಿದ ಪಾವತಿ, ಅವರದೇ ಬ್ಯಾಂಕಿನ ಪುಸ್ತಕ. ಮೊತ್ತ ದೊಡ್ಡದಲ್ಲ, ಆದರೆ ಹತ್ತು ವರ್ಷಗಳಿಂದ ತಿಂಗಳು ತಿಂಗಳು ಬಂದದ್ದು, ಹೋದದ್ದು.

ಸಂದರ್ಶನದ ದಿನ ರಾತ್ರಿ ಎರಡಕ್ಕೇ ಲುಂಬಾನ್ ಬಿಟ್ಟೆವು. ಅಮೆರಿಕದ ರಾಯಭಾರ ಕಚೇರಿ ಮನಿಲಾ ಕೊಲ್ಲಿಯ ದಂಡೆಯಲ್ಲಿ, ರೋಹಾಸ್ ಹೆದ್ದಾರಿಯ ಮೇಲಿದೆ. ೧೮೯೮ರಿಂದ ೧೯೪೬ರ ಜುಲೈ ೪ರವರೆಗೆ ಆ ದೇಶ ಅಮೆರಿಕದ ಆಳ್ವಿಕೆಯಲ್ಲಿತ್ತು. ೧೯೩೪ರವರೆಗೂ ಅಲ್ಲಿಯ ಪ್ರಜೆಗಳು ಅಮೆರಿಕಕ್ಕೆ ಅಡೆತಡೆಯಿಲ್ಲದೆ ಹೋಗಬಹುದಾಗಿತ್ತು. ಸ್ವಾತಂತ್ರ್ಯದ ಭರವಸೆ ಕೊಟ್ಟ ಆ ವರ್ಷದ ಕಾಯದೆಯೇ ವಲಸಿಗರ ಸಂಖ್ಯೆಯನ್ನು ವರ್ಷಕ್ಕೆ ೫೦ಕ್ಕೆ ಇಳಿಸಿತು. ಆ ಗೋಡೆಯ ಹೊರಗೆ ಬೆಳಗಿನ ಸಾಲು ಬೆಳೆದಿತ್ತು. ಕಂಕುಳಲ್ಲಿ ಪ್ಲಾಸ್ಟಿಕ್ ಕಡತಗಳು, ಇಸ್ತ್ರಿ ಮಾಡಿದ ಅಂಗಿಗಳು, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಒಳಗೆ ಅರ್ಜಿದಾರರು ಮಾತ್ರ. ಬೀಗತಿಯವರು ತಮ್ಮ ಮೊಬೈಲನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ನಡೆದರು.

ಸಮೀಪದಲ್ಲಿಯೇ ಲುನೆಟಾ ಉದ್ಯಾನ. ೧೮೯೬ರ ಡಿಸೆಂಬರ ೩೦ರಂದು ಹೊಸೆ ರಿಸಾಲರನ್ನು ಸ್ಪೇನಿನವರು ಗುಂಡಿಟ್ಟು ಕೊಂದದ್ದು ಇಲ್ಲಿಯೇ. ವೈದ್ಯರೂ ಕಾದಂಬರಿಕಾರರೂ ಆಗಿದ್ದ ಅವರು ಹುಟ್ಟಿದ್ದು ಲಗೂನ ಪ್ರಾಂತದ ಕಲಂಬಾದಲ್ಲಿ. ಅವರ ಸ್ಮಾರಕದ ಎದುರಿನ ಕಲ್ಲುಬೆಂಚಿನಲ್ಲಿ ಕೂತೆವು. ಏಳಾಯಿತು, ಎಂಟಾಯಿತು, ಒಂಬತ್ತೂವರೆಯಾಯಿತು. ನಮ್ಮ ಮನೆಯವರು ಚೀಲದಿಂದ ಆ ತುಂಡು ಬಟ್ಟೆ ತೆಗೆದು ಎಳೆ ಎಣಿಸುತ್ತಿದ್ದರು. ನಾವು ಎಣಿಸಲು ಏನೂ ಇಲ್ಲದೆ ಬರಿದೆ ಕೂತಿದ್ದೆವು.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಅವರು ಬರುವುದು ಕಂಡಿತು. ಕಡತ ಕೈಯಲ್ಲಿತ್ತು, ಪಾಸ್‌ಪೋರ್ಟು ಇರಲಿಲ್ಲ. ವೀಸಾ ಮಂಜೂರಾದರೆ ಪಾಸ್‌ಪೋರ್ಟನ್ನು ಒಳಗೇ ಇರಿಸಿಕೊಳ್ಳುತ್ತಾರೆಂದು ನಾವು ಓದಿ ತಿಳಿದಿದ್ದೆವು. ಆದರೂ ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ಬೀಗತಿಯವರು ಬೆಂಚಿನ ಮೇಲೆ ಕೂತು, ನೀರು ಕುಡಿದು, ನಡೆದದ್ದನ್ನು ಹೇಳಿದರು. ಕಿಟಕಿಯಾಚೆ ಇದ್ದವಳು ಒಬ್ಬ ಎಳೆಯ ಅಧಿಕಾರಿಣಿ. ಹಿಂದಿನ ಅರ್ಜಿಯಲ್ಲಿ ಗೃಹಿಣಿ ಎಂದಿದೆಯಲ್ಲ ಎಂದು ಆಕೆಯೇ ಕೇಳಿದಳು. “ಬರೆದವರು ತಪ್ಪು ಬರೆದರು, ನಾನು ಓದದೆ ಒಪ್ಪಿದೆ” ಎಂದರಂತೆ ಇವರು. ಏನು ಕೆಲಸ? ಬರೋಂಗಿನ ಕಸೂತಿ. ಎಷ್ಟು ದಿನ ಇರುವಿರಿ? ಜನವರಿ ೨೦ರ ಸಂತ ಸೆಬಾಸ್ಟಿಯನ್ನರ ಊರಹಬ್ಬ ಮುಗಿಸಿ ಹೊರಟು, ಮಾರ್ಚಿ ಕೊನೆಗೆ, ಪವಿತ್ರ ವಾರಕ್ಕೆ ಮುಂಚೆ ಬರುವೆ. ಆಮೇಲೆ ಜೂನ್ ಮದುವೆಗಳ ಕೆಲಸವಿದೆ. ಯಾರು ನೋಡಿಕೊಳ್ಳುವರು ಅಲ್ಲಿಯವರೆಗೆ? ನಾಲ್ವರಿದ್ದಾರೆ, ಕಲಾದೊ ಮಾತ್ರ ನಾನೇ ಬಂದು ಮಾಡಬೇಕು. ಆಕೆ ನಕ್ಕಳಂತೆ. ಕಡತವನ್ನು ತೆರೆಯಲೇ ಇಲ್ಲವಂತೆ. ಎಲ್ಲವೂ ಮೂರೋ ನಾಲ್ಕೋ ನಿಮಿಷ.

ನಮ್ಮ ಮನೆಯವರು ಅಲ್ಲಿಯೇ ಅವರನ್ನು ತಬ್ಬಿಕೊಂಡರು. ನಾಲ್ಕು ದಿನ ಕಷ್ಟಪಟ್ಟು ಜೋಡಿಸಿದ ಕಡತವನ್ನು ಯಾರೂ ತೆರೆಯಲಿಲ್ಲವೆಂದು ನಮಗೆ ಒಂದು ಕ್ಷಣ ಬೇಸರವಾದದ್ದನ್ನು ವಾಚಕರಲ್ಲಿ ಮುಚ್ಚಿಡಲಾರೆವು.

ಉದ್ಯಾನದ ಮಗ್ಗುಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅಂದೇ ಹೋದೆವು. ಲುಂಬಾನಿನ ನದಿಯ ಮುಖದ ಬಳಿ ೧೯೮೦ರ ದಶಕದ ಕೊನೆಯಲ್ಲಿ ಮರಳು ತೆಗೆಯುವವರಿಗೆ ಸಿಕ್ಕ ತಾಮ್ರಪಟ ಅಲ್ಲಿದೆ. ಫಿಲಿಪೀನ್ಸಿನಲ್ಲಿ ಕಾಲ ನಮೂದಾದ ಬರಹಗಳಲ್ಲಿ ಇದುವರೆಗೆ ದೊರೆತ ಅತ್ಯಂತ ಹಳೆಯದು. ಡಚ್ ವಿದ್ವಾಂಸ ಆಂಟೂನ್ ಪೋಸ್ಟ್ಮಾ ಅದನ್ನು ಓದಿ ಪ್ರಕಟಿಸಿದರು. ಕಾವಿ ಲಿಪಿ, ಹಳೆಯ ಮಲಯ ಭಾಷೆ, ನಡುನಡುವೆ ಸಂಸ್ಕೃತ, ಹತ್ತು ಸಾಲು. ನಮ್ಮ ಶಾಸನಗಳಂತೆಯೇ ‘ಸ್ವಸ್ತಿ’ಯಿಂದ ಮೊದಲು. ಶಕವರ್ಷ ೮೨೨, ವೈಶಾಖ ಬಹುಳ ಚತುರ್ಥಿ, ಸೋಮವಾರ, ಎಂದರೆ ಕ್ರಿ.ಶ. ೯೦೦ರ ಏಪ್ರಿಲ್ ೨೧. ಆಗ ನಮ್ಮಲ್ಲಿ ನೃಪತುಂಗನ ಮಗ ಇಮ್ಮಡಿ ಕೃಷ್ಣನ ಆಳ್ವಿಕೆ. ನಮ್ವರನ್ ಎಂಬವನೂ ಅವನ ಸಂತತಿಯವರೂ ಒಂದು ಕಾಟಿ ಎಂಟು ಸುವರ್ಣದ ಸಾಲದಿಂದ ಮುಕ್ತರಾದರು, ಮುಂದೆ ಯಾರೂ ಅವರನ್ನು ಕೇಳತಕ್ಕದ್ದಲ್ಲ ಎಂಬುದು ಅದರ ಒಕ್ಕಣೆ. ಅವರ ಊರಿನ ಹೊಳೆಯಲ್ಲಿ ಸಿಕ್ಕದ್ದಾದರೂ ಬೀಗತಿಯವರು ಅದನ್ನು ನೋಡಿದ್ದು ಅಂದೇ ಮೊದಲು. ಏನು ಬರೆದಿದೆ ಎಂದು ಕೇಳಿದರು. “ಇದೂ ಒಂದು ಕಾಗದ, ಬಿಟ್ಟುಬಿಡಿ ಎಂದು ಬರೆದುಕೊಟ್ಟದ್ದು” ಎಂದೆವು.

ನಾವು ಧಾರವಾಡಕ್ಕೆ ಮರಳಿದ ಮೇಲೆ ಪಾಸ್‌ಪೋರ್ಟು ಕೊರಿಯರಿನಲ್ಲಿ ಲುಂಬಾನ್ ಮುಟ್ಟಿತು. ಹತ್ತು ವರ್ಷಗಳ ವೀಸಾ. ಪ್ರತಿ ಸಲ ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಹೊರಡುವಾಗ ಅವರ ದೇಶದ ವಲಸೆ ಅಧಿಕಾರಿಗಳೂ ಪ್ರಶ್ನಿಸುವುದುಂಟು. ದುಡಿಮೆಗೆಂದು ಮೋಸದಿಂದ ಜನರನ್ನು ಸಾಗಿಸುವವರ ಹಾವಳಿ ಅಲ್ಲಿ ಬಹಳ. ಆ ಕಡತವನ್ನು ಕೈಯಲ್ಲಿಯೇ ಇಟ್ಟುಕೊಂಡಿರಲು ತಿಳಿಸಿದೆವು. ವೀಸಾದ ಚಿತ್ರ ಮೊಬೈಲಿಗೆ ಬಂದ ದಿನ ಅದರ ಹಿಂದೆಯೇ ಇನ್ನೊಂದು ಚಿತ್ರ ಬಂತು: ಕಸೂತಿಯ ಗೋಪುರವೊಂದು ಅರ್ಧಕ್ಕೆ ನಿಂತಿದೆ, ಮೂಲೆಯಲ್ಲಿ ಸೂಜಿ ಚುಚ್ಚಿದೆ. ಎಲ್ಲಿ ತಿರುಗಬೇಕೆಂದು ತಿಳಿಯದೆ ಬಿಟ್ಟಿದ್ದಾರೆ. ನಮ್ಮ ಮನೆಯವರು ನಮ್ಮ ಲೆಕ್ಕದ ಚೌಕಳಿ ಹಾಳೆಯೊಂದನ್ನು ಹರಿದುಕೊಂಡು, ಎಳೆ ಎಣಿಸಿ ಗುರುತು ಹಾಕಿ, ಮೊಮ್ಮಗನಿಗೆ ಹೊಲಿಯುತ್ತಿರುವ ಕುಂಚಿಗೆಗೆ ಅದು ಬೇಕಂತೆ, ಬೇಗ ಕಳಿಸಿರಿ ಎಂದು ನಮ್ಮ ಕೈಗಿತ್ತರು.